ಲಗ್ನಪತ್ರದಾಗ ಪೋಲೆಂಡಿನ ಕಮ್ಮಾರರು
ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರದ ಪ್ರಿಂಟಿಂಗ್ ಅಂಗಡ್ಯಾಗ ಮಗನ ಲಗ್ನಪತ್ರ 300 ಮಾಡಿಸಿದೆ. ಸೊಸಿ ಪೋಲೆಂಡಿನಾಕಿ, ಅಡ್ಡಹೆಸರು ಕೊವಾಲ್ಸ್ಕಾ. ಮೊದಲ ಪ್ರೂಫಿನಾಗ ‘ಕೊವಾಲ್ಸ್ಕಿ’ ಅಂತ ಬಂದಿತ್ತು. ಅದು ಗಂಡಸರ ರೂಪ, ಆಕಿ ಅಪ್ಪನ ಹೆಸರಿಗೆ ಸರಿ. ಹೆಣ್ಣುಮಕ್ಕಳಿಗೆ ಕೊನಿಗೆ ‘ಆ’ ಬರ್ತದ. ಹೇಳಿದ ಕೂಡಲೇ ತಿದ್ದಿದರು, ಒಂದು ರೂಪಾಯಿನೂ ಹೆಚ್ಚಿಗಿ ತಗೋಲಿಲ್ಲ.

‘ಕೊವಾಲ್’ ಅಂದ್ರ ಪೋಲಿಷಿನಾಗ ಕಮ್ಮಾರ. ನಮ್ಮ ಅಡ್ಡಹೆಸರೂ ಕಮ್ಮಾರ! ಅಲ್ಲಿ ನೊವಾಕ್ ಬಿಟ್ರ ಭಾಳ ಮಂದಿಗಿರೋ ಹೆಸರು ಇದೇ. ಊರೂರಿಗೂ ಕುಲುಮಿ ಬೇಕಿತ್ತಲ್ಲ. ಇದನ್ನ ಕೇಳಿ ಅಂಗಡಿ ಅಣ್ಣಾರು ಪತ್ರದ ಮೂಲ್ಯಾಗ ಸಣ್ಣ ಸುತ್ತಿಗಿ, ಇಕ್ಕಳದ ಚಿತ್ರ ತಾವಾಗೇ ಹಾಕಿಕೊಟ್ಟರು. ನಮ್ಮಪ್ಪ ಅದನ್ನ ಬೆರಳಿಂದ ಸವರಿ ನೋಡಿದ್ರು. ಕಾಗದ ದಪ್ಪ, ಅಕ್ಷರ ಭಾಳ ಛಲೋ. ಬಂಗಾರದ ಬಣ್ಣ ಮಾತ್ರ ಕೈಗೆ ಹತ್ತತದ.