ಹೆಂಚಿನ ಪಾಚಿಗೆ ಪ್ರೆಷರ್ ವಾಷರ್ರೋ, ಬ್ಲೀಚಿಂಗ್ ಪುಡಿಯೋ?

ತುಮಕೂರು ಕಡೆ ಅಕ್ಟೋಬರ್ ಮಳೆ ಮುಗಿಯುವಷ್ಟರಲ್ಲಿ ಮಂಗಳೂರು ಹೆಂಚಿನ ಮೇಲೆ, ಅದರಲ್ಲೂ ಮರದ ನೆರಳು ಬೀಳುವ ಕಡೆ, ಪಾಚಿ ದಪ್ಪಗೆ ಕಟ್ಟಿರುತ್ತದೆ.

ಪ್ರೆಷರ್ ವಾಷರ್‌ನಲ್ಲಿ ಕೆಲಸ ಬೇಗ. ಕಣ್ಣೆದುರೇ ಹೆಂಚು ಕೆಂಪಾಗುತ್ತದೆ. ಆದರೆ ಹಳೇ ಹೆಂಚಾದರೆ ಪಾಚಿ ಜೊತೆ ಮೇಲ್ಪದರವೂ ಏಳುತ್ತದೆ. ಆ ಒರಟು ಜಾಗದಲ್ಲಿ ತೇವ ನಿಂತು ಪಾಚಿ ಮತ್ತೆ ಹಿಡಿಯುತ್ತದೆ. ಕೆಳಗಿನಿಂದ ಮೇಲಕ್ಕೆ ಹೊಡೆದರಂತೂ ನೀರು ಸಂದಿಗೆ ನುಗ್ಗಿ ಹೆಂಚು ಕೂರಿಸುವ ಮರದ ಪಟ್ಟಿ (ರೀಪರ್) ನೆನೆಯುತ್ತದೆ. ಫಾರ್ಮ್‌ಹೌಸ್‌ಗಳ ಚಾವಣಿಗೆ ಹೊದಿಸುವ ಡಾಂಬರು ಹಾಳೆ, ಅಂದರೆ ಶಿಂಗಲ್‌ಗೆ ಇದು ಬೇಡವೇ ಬೇಡ, ಮೇಲಿನ ಕಲ್ಲಿನ ಕಾಳೆಲ್ಲ ಉದುರುತ್ತದೆ.

ನಾನು ಹೇಳೋದು ಬ್ಲೀಚಿಂಗ್ ಪುಡಿ. ಪುಡಿಯನ್ನು ನೀರಲ್ಲಿ ಕಲಸಿ, ತಿಳಿ ಮಾತ್ರ ಬಸಿದು ಸ್ಪ್ರೇಯರ್‌ಗೆ ಹಾಕಿ. ಮೋಡ ಇರುವ ದಿನ ಹೊಡೆದು, 15-20 ನಿಮಿಷ ಬಿಟ್ಟು, ಮೇಲಿನಿಂದ ನೀರು ಬಿಡಿ. ದಪ್ಪ ಪಾಚಿ ಅವತ್ತೇ ಬರಲ್ಲ. ಸತ್ತು, ಒಣಗಿ, ಕಂದು ಬಣ್ಣಕ್ಕೆ ತಿರುಗಿದ ಮೇಲೆ ಮೆತ್ತನೆ ಬ್ರಷ್‌ಗೇ ಉದುರುತ್ತದೆ. ಸ್ವಲ್ಪ ಕಾಯಬೇಕು, ಅಷ್ಟೇ.

ಮೊದಲು ಮಳೆನೀರಿನ ಪೈಪನ್ನು ಸಂಪಿನಿಂದ ಬಿಡಿಸಿ. ಕೆಳಗಿನ ಗಿಡಗಳಿಗೆ ಮುಂಚೆ, ಆಮೇಲೆ ಎರಡೂ ಸಲ ಚೆನ್ನಾಗಿ ನೀರು ಹಾಕಿ. ಕನ್ನಡಕ, ಗ್ಲೌಸ್ ಬೇಕೇ ಬೇಕು. ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಜೊತೆ ಮಾತ್ರ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಯಾವುದೇ ಆರಿಸಿದರೂ ಒದ್ದೆ ಹೆಂಚಿನ ಮೇಲೆ ಹತ್ತಬೇಡಿ. ಏಣಿ ಕಟ್ಟಿ, ಅದರ ಮೇಲೆ ನಿಂತೇ ಕೆಲಸ ಮಾಡಿ. ಕೆಳಗೆ ಒಬ್ಬರು ಏಣಿ ಹಿಡಿದಿರಲಿ.