ಗೌರಿ ಹಬ್ಬದ ಸೀರೆ ಬದಲಾಯಿಸಿಕೊಡುವ ಅಂಗಡಿ

ಗೌರಿ ಹಬ್ಬಕ್ಕೆ ತವರಿನಿಂದ ಬಂದ ಸೀರೆ ಒಪ್ಪಿಗೆಯಾಗದಿದ್ದರೆ ಅದನ್ನು ಅಂಗಡಿಗೆ ಒಯ್ಯುವುದು ಮುಜುಗರದ ಕೆಲಸ. ಕೊಟ್ಟವರ ಬಳಿ ಬಿಲ್ಲು ಕೇಳುವಂತಿಲ್ಲ, ಬಿಲ್ಲಿಲ್ಲದೆ ಅಂಗಡಿಯವರು ಸೀರೆ ಮುಟ್ಟುವುದಿಲ್ಲ. ನಮ್ಮ ಬಡಾವಣೆಯ ರೇಷ್ಮೆ ಸೀರೆಗಳ ಅಂಗಡಿಯೊಂದು ಈ ಇಕ್ಕಟ್ಟಿಗೆ ಒಳ್ಳೆಯ ದಾರಿ ಹುಡುಕಿದೆ. ಉಡುಗೊರೆಗೆಂದು ಹೇಳಿದರೆ ಬೆಲೆಯಿಲ್ಲದ, ಬಿಲ್ಲಿನ ಸಂಖ್ಯೆ ಮತ್ತು ದಿನಾಂಕ ಮಾತ್ರವಿರುವ ಚೀಟಿಯೊಂದನ್ನು ಸೀರೆಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ಅತ್ತಿಗೆ ಇಲ್ಲಿಂದ ತಂದುಕೊಟ್ಟ ನೇರಳೆ ಸೀರೆಯಂಥದೇ ನನ್ನಲ್ಲಿ ಆಗಲೇ ಇದ್ದುದರಿಂದ, ಬದಲಾಯಿಸಿಕೊಳ್ಳಬಹುದೇ ಎಂದು ಅವರನ್ನು ಮೊದಲೇ ಕೇಳಿದೆ. “ಉಡುವವಳು ನೀನು, ಇದರಲ್ಲಿ ಕೇಳುವುದೇನಿದೆ?” ಎಂದು ಅವರೇ ಜೊತೆಗೆ ಬಂದರು.

ಮಾರಾಟದ ಹಿರಿಯರು ಸೀರೆಯನ್ನು ಗಾದಿಯ ಮೇಲೆ ಪೂರ್ತಿ ಬಿಡಿಸಿ, ಫಾಲ್ ಹಚ್ಚಿಲ್ಲ, ಕುಚ್ಚು ಕಟ್ಟಿಸಿಲ್ಲ, ರವಿಕೆಯ ಬಟ್ಟೆ ಕತ್ತರಿಸಿಲ್ಲ ಎಂಬುದನ್ನು ನೋಡಿಕೊಂಡು, ಕೊನೆಗೆ ಅಂಚಿನ ಮೂಲೆಗಳನ್ನು ಬೆಳಕಿಗೆ ಹಿಡಿದರು. ಹೊಸ ಬಟ್ಟೆಗೆ ಅರಿಶಿನ ಸೋಕಿಸುವ ರೂಢಿ ನಮ್ಮಲ್ಲಿರುವುದರಿಂದ, ಹಬ್ಬದ ನಂತರ ಬರುವ ಬಹಳಷ್ಟು ಸೀರೆಗಳು ಈ ಹಂತದಲ್ಲೇ ಮನೆಗೆ ಮರಳುತ್ತವೆಯಂತೆ. ಆಮೇಲೆ ಅವರು ಬೆಲೆಯ ಮಾತೆತ್ತದೆ, ಚೀಟಿಯ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ನೋಡಿ, ಸರಿಸುಮಾರು ಅದೇ ಬೆಲೆಯ ಕಪಾಟಿನ ಸೀರೆಗಳನ್ನಷ್ಟೇ ಹರಡಿದರು. ಇಂಥ ನಾಜೂಕು ಹೇಳಿಕೊಟ್ಟು ಬರುವಂಥದ್ದಲ್ಲ.

ಅದನ್ನು ಕೆಡಿಸಿದ್ದು ನಗದು ಕಟ್ಟೆಯವರು. ಹಳೆಯ ಸೀರೆಯದು ಇಷ್ಟು, ಹೊಸದರದು ಇಷ್ಟು, ಮೇಲೆ ಇಷ್ಟು ಕೊಡಿ ಎಂದು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಓದಿ ಹೇಳಿದಾಗ, ಅತ್ತಿಗೆ ಪಕ್ಕದ ಗೊಂಬೆಗೆ ಉಡಿಸಿದ್ದ ಸೀರೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಬೆಲೆಯನ್ನು ಹೀಗೆ ಕೂಗಿ ಹೇಳುವುದಾದರೆ ಬೆಲೆಯಿಲ್ಲದ ಚೀಟಿಯನ್ನು ಅಚ್ಚು ಹಾಕಿಸುವುದೇಕೆ?

ನಿಯಮದಲ್ಲೂ ಒಂದು ತೊಡಕಿದೆ. ಬದಲಾವಣೆಗೆ ಕೊಡುವ 15 ದಿನಗಳನ್ನು ಬಿಲ್ಲಿನ ದಿನಾಂಕದಿಂದ ಎಣಿಸುತ್ತಾರೆ. ಆಷಾಢದ ರಿಯಾಯಿತಿಯಲ್ಲಿ ಕೊಂಡಿಟ್ಟ ಸೀರೆ ಭಾದ್ರಪದದ ತದಿಗೆಯಂದು ಕೈಸೇರುವಷ್ಟರಲ್ಲಿ ನಡುವೆ ಇಡೀ ಶ್ರಾವಣ ಕಳೆದಿರುತ್ತದೆ. ಆ ಚೀಟಿಗೆ ಅರ್ಥವೇ ಉಳಿಯುವುದಿಲ್ಲ. ಆದರೆ ಇದಕ್ಕಾಗಿ ಜಗಳಕ್ಕೆ ನಿಲ್ಲುವುದೂ ಸರಿಯಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ದೋಷವಿರುವ ಸರಕನ್ನು ಹಿಂಪಡೆಯಲು ನಿರಾಕರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಬಣ್ಣ ಮನಸ್ಸಿಗೆ ಬಾರದಿರುವುದು ದೋಷವಲ್ಲ. ಅಲ್ಲಿ ಸಿಗುವುದು ಅಂಗಡಿಯ ಸೌಜನ್ಯ. ನಗದು ಹಿಂದಿರುಗಿಸುವುದಿಲ್ಲ ಎಂಬ ಅವರ ಕಟ್ಟುನಿಟ್ಟನ್ನೂ ನಾನು ಒಪ್ಪುತ್ತೇನೆ, ಏಕೆಂದರೆ ತವರಿನ ಉಡುಗೊರೆಯನ್ನು ದುಡ್ಡು ಮಾಡಿಕೊಳ್ಳುವುದು ಯಾರಿಗೂ ಶೋಭಿಸುವುದಿಲ್ಲ.

ಉಡುಗೊರೆಯ ಸೀರೆಯನ್ನು ನಾನು ಇನ್ನು ಮುಂದೆಯೂ ಇಲ್ಲಿಯೇ ಕೊಳ್ಳುವೆ, ಆದರೆ ಹಬ್ಬಕ್ಕೆ ವಾರವಿರುವಾಗ. ಬದಲಾಯಿಸಲು ಹೋಗುವವರು ವ್ಯತ್ಯಾಸದ ಹಣವನ್ನು ಚೀಟಿಯಲ್ಲಿ ಬರೆದುಕೊಡಿ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.