ದಾವಣಗೆರೆಯ ಟಿಬೆಟನ್ ಸ್ವೆಟರ್ ಅಂಗಡಿಗಳು: ಮಾಲು ಚೆನ್ನಾಗಿದೆ, ಜಾಗ ಸಾಲದು

ಚಳಿಗಾಲಕ್ಕೆ ದಾವಣಗೆರೆಗೆ ಬರುವ ಟಿಬೆಟನ್ನರ ಸ್ವೆಟರ್ ಅಂಗಡಿಯಲ್ಲಿ ಕೈಹೆಣಿಗೆಯ ಮಾಲು ಹುಡುಕಬೇಡಿ. ಹೆಚ್ಚಿನದು ಲುಧಿಯಾನದ ಮಿಷನ್ ಹೆಣಿಗೆ, ಬಹುಪಾಲು ಅಕ್ರಿಲಿಕ್. ಅದು ದೋಷವೇನಲ್ಲ. ನಮ್ಮ ಕಡೆಯ ಚಳಿ ಬಿಸಿಲೇರುವ ತನಕ ಮಾತ್ರ. ಅದಕ್ಕೆ ಹಗುರವಾದ, ಬೇಗ ಒಣಗುವ, ನುಸಿ ತಿನ್ನದ ಅಕ್ರಿಲಿಕ್ಕೇ ಸರಿ. ಬೆಳಗಿನ ಜಾವ ಬೈಕ್ ಓಡಿಸುವವರು ಮಾತ್ರ ಹೆಣಿಗೆಯ ಸ್ವೆಟರ್ ನಂಬಬೇಡಿ, ಗಾಳಿ ಒಳಗೆ ನುಗ್ಗುತ್ತದೆ. ಒಳಗೆ ಅಸ್ತರಿರುವ ಜಾಕೆಟ್ ತಗೊಳ್ಳಿ.

ಉಣ್ಣೆಯದೇ ಬೇಕೆಂದರೆ ಲೇಬಲ್‌ನಲ್ಲಿ ಶೇಕಡಾ ಎಷ್ಟಿದೆ ನೋಡಿ. ಅನುಮಾನವಿದ್ದರೆ ಒಳಹೊಲಿಗೆಯ ಸಡಿಲ ಎಳೆಯೊಂದನ್ನು ಕೇಳಿ ತಂದು ಮನೆಯಲ್ಲಿ ಸುಟ್ಟು ನೋಡಬಹುದು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಹೊಸಕಿದರೆ ಪುಡಿಯಾಗುವ ಬೂದಿ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಚಳ್ಳಕೆರೆ ಕಂಬಳಿ ಮುಟ್ಟಿದವರಿಗೆ ಈ ಪರೀಕ್ಷೆಯೂ ಬೇಕಾಗಲಾರದು.

ಕೊಳ್ಳುವ ಮುಂಚೆ ಮುಂಗೈ ಪಟ್ಟಿಯನ್ನು ಎಳೆದು ಬಿಡಿ. ತಕ್ಷಣ ಮೊದಲಿನಂತಾಗದಿದ್ದರೆ ಒಂದೇ ಚಳಿಗಾಲದಲ್ಲಿ ಜೋಲುತ್ತದೆ. ಎದೆಯ ಅಳತೆಗಿಂತ ಎರಡು ಮೂರು ಇಂಚು ದೊಡ್ಡದಿರಲಿ. ಒಗೆಯುವಾಗ ತಣ್ಣೀರು, ಸ್ವಲ್ಪ ಸೌಮ್ಯ ಸೋಪು ಸಾಕು. ಹಿಂಡಬೇಡಿ, ಟವೆಲ್‌ನಲ್ಲಿ ಸುತ್ತಿ ಒತ್ತಿ, ಚಪ್ಪಟೆಯಾಗಿ ಹರಡಿ. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ. ಬಿಸಿನೀರಲ್ಲಿ ಉಜ್ಜಿದರೆ ಉಣ್ಣೆಯ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕುಗ್ಗುತ್ತದೆ, ಮತ್ತೆ ಹಿಗ್ಗಿಸಲಾಗದು.

ಇಲ್ಲಿ ಸಾಮಾನ್ಯವಾಗಿ ಒಂದೇ ದರ, ಚೌಕಾಸಿ ಕಡಿಮೆ. ಅದಕ್ಕೆ ಕಾರಣವಿದೆ. ಲುಧಿಯಾನದ ಹೋಲ್‌ಸೇಲ್‌ನವರಿಂದ ಹೆಚ್ಚಿನ ಮಾಲು ಸಾಲದ ಮೇಲೆ ಬರುತ್ತದೆ, ಸೀಸನ್ ಮುಗಿಯುವುದರೊಳಗೆ ತೀರಿಸಬೇಕು. ಟಿಬೆಟನ್ನರು ನೆಲೆಸಿರುವ ಬಿಡಾರಗಳಲ್ಲಿ ಮಳೆ ನಂಬಿದ ಮೆಕ್ಕೆಜೋಳದ ಬೇಸಾಯ, ಥೇಟ್ ನಮ್ಮ ಜಿಲ್ಲೆಯ ಹಾಗೆ. ಬೆಳೆ ಕೈಕೊಟ್ಟ ವರ್ಷ ಮನೆ ನಡೆಸುವುದು ಈ ಸ್ವೆಟರ್ ವ್ಯಾಪಾರವೇ.

ಈ ಅಂಗಡಿಗಳ ಬೇರು ಚಿತ್ರದುರ್ಗಕ್ಕೂ ತಾಕುತ್ತದೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಮೈಸೂರು ರಾಜ್ಯ ನಿರಾಶ್ರಿತರಿಗೆ ಬೈಲಕುಪ್ಪೆಯಲ್ಲಿ ಜಮೀನು ಕೊಟ್ಟಿತು. 1966ರಲ್ಲಿ ಮುಂಡಗೋಡದ ಬಿಡಾರ ಶುರುವಾದಾಗ ಮುಖ್ಯಮಂತ್ರಿಯಾಗಿದ್ದವರು ಚಿತ್ರದುರ್ಗದ ನಮ್ಮ ಎಸ್. ನಿಜಲಿಂಗಪ್ಪನವರು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಇಷ್ಟೆಲ್ಲ ನಡೆದದ್ದು ಸರ್ಕಾರದ ಆದೇಶಗಳ ಮೇಲೆ. ಹಾಗಾಗಿ ಆದೇಶ ಬದಲಾದಾಗಲೆಲ್ಲ ಇವರ ಬದುಕೂ ಬದಲಾಗುತ್ತದೆ. ಕೇಂದ್ರ ಸರ್ಕಾರದ 2014ರ ಟಿಬೆಟನ್ ಪುನರ್ವಸತಿ ನೀತಿ ಜಮೀನಿಗೆ 20 ವರ್ಷದ ಗುತ್ತಿಗೆ ಪತ್ರ, ಕೆಲವು ಸರ್ಕಾರಿ ಯೋಜನೆಗಳ ಲಾಭ, ವ್ಯಾಪಾರದ ಪರವಾನಗಿ ಕೊಡಬಹುದೆಂದಿತು. ಆದರೆ ಜಾರಿ ರಾಜ್ಯಗಳ ಕೈಯಲ್ಲಿದೆ, ಕೊನೆಗೆ ಸ್ಥಳೀಯ ಕಚೇರಿಯ ಮೇಜಿನ ಮೇಲೆ.

ಪೌರತ್ವದ ಕಾನೂನು ಮನೆಯೊಳಗೇ ಗೆರೆ ಎಳೆದಿದೆ. 1950ರ ಜನವರಿ 26ರಿಂದ 1987ರ ಜೂನ್ 30ರ ತನಕ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಟಿಬೆಟನ್ನರಿಗೂ ಇದು ಅನ್ವಯವೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಆ 1987ರ ಗಡುವಿನ ಮೇಲೆ ಹುಟ್ಟಿದ ತಮ್ಮನಿಗೆ, ತಂದೆತಾಯಿಯಲ್ಲಿ ಒಬ್ಬರೂ ಭಾರತೀಯರಲ್ಲದಿದ್ದರೆ, ವಿದೇಶಿಯರಿಗೆ ಕೊಡುವ ನೋಂದಣಿ ಪುಸ್ತಕವೇ ಗತಿ. ಅದನ್ನು ಕಾಲಕಾಲಕ್ಕೆ ನವೀಕರಿಸುತ್ತಲೇ ಇರಬೇಕು. ಅಣ್ಣ ತಮ್ಮ ಒಂದೇ ಅಂಗಡಿಯಲ್ಲಿ ಕೂತಿದ್ದರೂ ಕಾಗದ ಬೇರೆ. ಇದು ಅನ್ಯಾಯವೇ.

ಮಾಲಿಗೆ ಐದಕ್ಕೆ ನಾಲ್ಕು ಕೊಡಬಹುದು. ಇವರಿಗೆ ಸಿಗುವ ವ್ಯವಸ್ಥೆಗೆ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸು ಬಾರದು. ತಾತ್ಕಾಲಿಕ ಜಾಗದ ಅನುಮತಿ ದೀಪಾವಳಿ ದಾಟಿ ಬಂದರೆ ಒಳ್ಳೆಯ ವಾರಗಳು ಕೈತಪ್ಪುತ್ತವೆ, ಸಾಲ ಹಾಗೇ ಉಳಿಯುತ್ತದೆ. ನಾಲ್ಕು ತಿಂಗಳ ಜಾಗಕ್ಕೆ ಪೌರತ್ವ ಬೇಕಿಲ್ಲ. ಆಗಸ್ಟ್‌ನಲ್ಲೇ ಅರ್ಜಿ ತೆಗೆದುಕೊಂಡು, ವರ್ಷವರ್ಷವೂ ಒಂದೇ ಜಾಗ ಗುರುತಿಸಿ, ಕರೆಂಟ್ ಮೀಟರ್, ನೀರು ಮತ್ತು ಹೆಂಗಸರಿಗೊಂದು ಶೌಚಾಲಯ ಕೊಟ್ಟರೆ ಸಾಕು.